ನಡುಬಾಗಿಲ ಚಿಲಕ

ನನ್ನದು ಮೂರು ತಾಲೂಕಿನ ಬದುಕು. ತವರು ಅಫಜಲಪುರ, ಗಂಡನ ಮನೆ ಆಳಂದ, ನೌಕರಿ ಜೇವರ್ಗಿ. ಆಳಂದದ ಅಮರ್ಜಾ ಗಾಣಗಾಪುರದಲ್ಲಿ ಭೀಮೆಯನ್ನು ಕೂಡಿ ಜೇವರ್ಗಿಯತ್ತ ಹರಿಯುತ್ತಾಳೆ. ಆದರೂ ದೋಣಿಯ ವಿಷಯದಲ್ಲಿ ನಾನು ಅಪ್ಪಟ ಬಯಲುಸೀಮೆಯವಳು. ದೋಣಿಗೆ ದೋಣಿ ಕಟ್ಟಿದ್ದನ್ನು ಮೊದಲು ಕಂಡದ್ದು ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಮಲ್ಪೆಗೆ ಹೋದಾಗ.

ಧಕ್ಕೆಗೆ ಒಂದು ದೋಣಿ, ಅದರ ಮಗ್ಗುಲಿಗೆ ಇನ್ನೊಂದು, ಅದಕ್ಕೆ ಮತ್ತೊಂದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಲ್ಲ, ಆಗ ಇನ್ನೂ ಒತ್ತೊತ್ತಾಗಿರುತ್ತವಂತೆ. ನಡುನಡುವೆ ಹಳೆಯ ಟೈರುಗಳನ್ನು ಇಳಿಬಿಟ್ಟಿದ್ದರು. ಅಲೆ ಬಂದಾಗ ಮೈಗೆ ಮೈ ತಾಕಬಾರದೆಂದು. ಒಬ್ಬ ಹುಡುಗ ಆ ಸಂದಿಗೆ ಕಾಲು ಚಾಚಿದ. ಬಲೆ ಹೆಣೆಯುತ್ತಿದ್ದ ಹಿರಿಯರು ಗದರಿದರು: "ಕಾಲು ತೆಗಿ ಮಗಾ, ಮುರಿದು ಹೋಗ್ತದೆ." ಆಮೇಲೆ ತಾವೇ ಎಲ್ಲವನ್ನೂ ಹೇಳಿದರು. ಕಟ್ಟುವ ಮೊದಲು ಒಳಗಿನ ದೋಣಿಯವನನ್ನು ಕೇಳಬೇಕು. ಅವನ ದೋಣಿ ದಾಟುವಾಗ ಮುಂಭಾಗದಿಂದ ಹೋಗಬೇಕು, ಅಡುಗೆ ಮಾಡುವ, ಮಲಗುವ ಜಾಗದಿಂದಲ್ಲ. ಗಂಟು ಎಳೆತದಲ್ಲೂ ಬಿಚ್ಚುವಂತಿರಬೇಕು. ಬಿಚ್ಚುವ ಮೊದಲು ಕೂಗಿ ಹೇಳಬೇಕು.

"ಬೆಂಕಿ ಬಿದ್ದರೆ?" ಎಂದೆ.

"ಆಗ ಕತ್ತರಿಸುವುದೇ. ಆದರೂ ಕೂಗುವುದು ಕೂಗುವುದೇ."

2023ರ ನವೆಂಬರಿನಲ್ಲಿ ವಿಶಾಖಪಟ್ಟಣದ ಮೀನುಗಾರಿಕಾ ಬಂದರಿನಲ್ಲಿ ಒಂದೇ ರಾತ್ರಿ ಬೆಂಕಿ ದೋಣಿಯಿಂದ ದೋಣಿಗೆ ಹಬ್ಬಿ ಹತ್ತಾರು ಸುಟ್ಟವೆಂದು ಓದಿದಾಗ ಆ ಮಾತು ನೆನಪಾಯಿತು. ಅದರ ಬೆನ್ನಿಗೇ ನಮ್ಮ ಮನೆಯದೂ.

ಆಳಂದದ ನಮ್ಮ ಹಳೆಯ ಮನೆ ಪಾಲಾದಾಗ ಮೈದುನನ ಕಡೆಗೂ ನಮ್ಮ ಕಡೆಗೂ ನಡುವೆ ಒಂದು ಬಾಗಿಲು ಉಳಿಯಿತು. ಹಗಲೆಲ್ಲ ತೆರೆದೇ ಇರುತ್ತಿತ್ತು. ಹೆಪ್ಪು, ಖಾರ, ಕೂಸು, ಎಲ್ಲ ಅಲ್ಲಿಂದಲೇ ಓಡಾಡುತ್ತಿದ್ದವು. ಒಂದು ವರ್ಷ ಮೈದುನ ಸಾಲದಲ್ಲಿ ಮುಳುಗಿದ. ಕೊಟ್ಟವರು ಹೊತ್ತಿಲ್ಲದ ಹೊತ್ತಿನಲ್ಲಿ ಬಂದು ಕೂಗಾಡುವರು. ಅವನು ನಡುಬಾಗಿಲಿನಿಂದ ನಮ್ಮ ಕಡೆ ಬಂದು ಅಡಗುವನು. ಅವರು ಬೆನ್ನಟ್ಟಿ ನಮ್ಮ ಪಡಸಾಲೆಗೂ ಬಂದರು. ಮಗಳದು ಹತ್ತನೆಯ ಇಯತ್ತೆಯ ಪರೀಕ್ಷೆ. ಆ ರಾತ್ರಿ ಸದ್ದಾಗದಂತೆ ಚಿಲಕ ಹಾಕಿದೆ.

ಬೆಳಿಗ್ಗೆ ನೆಗೆಣ್ಣಿ ಹಾಲಿನ ತಂಬಿಗೆ ಹಿಡಿದು ಬೀದಿ ಸುತ್ತಿ ಬಂದಳು. "ಹೇಳಿದ್ರ ನಾನೇ ಈ ಕಡಿಂದ ಹಾಕ್ಕೊಂತಿದ್ದೆ, ಯಕ್ಕಾ," ಅಂದಳು, ಅಷ್ಟೇ.

ಚಿಲಕ ಹಾಕಿದ್ದು ತಪ್ಪೆಂದು ನನಗೆ ಇವತ್ತಿಗೂ ಅನಿಸಿಲ್ಲ. ಮಕ್ಕಳಿದ್ದ ಯಾವ ತಾಯಿಯೂ ಹಾಕುತ್ತಿದ್ದಳು. ಆದರೆ ನನ್ನ ಮುಂದೆ ಇಡೀ ಸಂಜೆ ಇತ್ತು. ಅವಳು ಅಂಗಳದಲ್ಲೇ ಜೋಳ ಹಸನು ಮಾಡುತ್ತ ಕೂತಿದ್ದಳು. ಹೇಳಿದರೆ ಅತ್ತುಬಿಡುತ್ತಾಳೆ, ಅತ್ತರೆ ನನ್ನ ಕೈ ತಡೆಯುತ್ತದೆ ಎಂದು ಸುಮ್ಮನಿದ್ದೆ. ಅದನ್ನು ಮರ್ಯಾದೆ ಎಂದುಕೊಂಡಿದ್ದೆ. ಹೆದರಿಕೆ ಅದು.

ಹೊಲದ ಒಂದು ತುಂಡು ಮಾರಿ ಸಾಲ ತೀರಿಸಿದರು. ಬಾಗಿಲು ಮತ್ತೆ ತೆರೆದೇ ಇದೆ. ಮೊದಲು ಕೈಯಲ್ಲಿ ಹಿಟ್ಟು ಹಚ್ಚಿಕೊಂಡೇ ಒಳಗೆ ಬಂದುಬಿಡುತ್ತಿದ್ದ ನೆಗೆಣ್ಣಿ ಈಗ ಹೊಸ್ತಿಲ ಆಚೆ ನಿಂತು ಚಿಲಕ ಅಲುಗಾಡಿಸುತ್ತಾಳೆ. "ಬಾ ಅವ್ವಾ" ಅನ್ನುವ ತನಕ ಕಾಯುತ್ತಾಳೆ.