ಆದಾಮನ ಪಾಪ ಯಾರ ತಲೆಗೆ?

ಕ್ರಿ.ಶ. 400ರ ಸುಮಾರಿಗೆ ಉತ್ತರ ಆಫ್ರಿಕದ ಹಿಪ್ಪೊ ನಗರದ ಬಿಷಪ್ ಅಗಸ್ಟೀನ್ ತನ್ನ ಆತ್ಮನಿವೇದನೆಯಲ್ಲಿ ದೇವರನ್ನು ಹೀಗೆ ಬೇಡಿಕೊಂಡ: ಏನು ಬೇಕಾದರೂ ಆಜ್ಞಾಪಿಸು, ಆದರೆ ಅದನ್ನು ನಡೆಸುವ ಶಕ್ತಿಯನ್ನೂ ನೀನೇ ಕೊಡು. ರೋಮಿನಲ್ಲಿ ಯಾರೋ ಇದನ್ನು ಉದ್ಧರಿಸಿದಾಗ ಪೆಲಾಜಿಯಸ್‌ಗೆ ತಡೆಯಲಾಗಲಿಲ್ಲ. ಬ್ರಿಟನ್ನಿನಿಂದ ಬಂದ ಈ ವಿರಕ್ತ ರೋಮಿನ ಸಿರಿವಂತರಿಗೆ ಶುದ್ಧ ಬದುಕನ್ನು ಬೋಧಿಸುತ್ತಿದ್ದವನು. ಕೃಪೆ ಬರಲಿ, ಆಮೇಲೆ ನೋಡೋಣ ಎಂದು ಕೈಕಟ್ಟಿ ಕೂರುವವರಿಗೆ ಇಂಥ ಪ್ರಾರ್ಥನೆ ನೆಪವಾಗುತ್ತದಲ್ಲ! ಆಗದ್ದನ್ನು ಮಾಡೆಂದು ದೇವರು ಹೇಳುವನೆ? ಹೇಳಿದ್ದಾನೆಂದರೆ ನಮ್ಮಿಂದ ಆಗುತ್ತದೆ. ಆದಾಮ ಕೆಟ್ಟ ಮಾದರಿ ತೋರಿದ, ಅಷ್ಟೆ. ಅವನ ಪಾಪ ನಮಗೆ ಅಂಟಿಲ್ಲ.

ಇಬ್ಬರಲ್ಲಿ ಪೆಲಾಜಿಯಸನೇ ಉದಾರಿಯಂತೆ ಕಾಣುತ್ತಾನೆ. ನನಗೆ ಹಾಗನ್ನಿಸುವುದಿಲ್ಲ. ಎಲ್ಲರಿಗೂ ಸಾಧ್ಯ ಎಂದಮೇಲೆ ಸೋತವನ ಪರವಾಗಿ ಹೇಳಲು ಏನೂ ಉಳಿಯದು. ಕುಡಿತ ಬಿಟ್ಟೆನೆಂದು ಬೆಳಿಗ್ಗೆ ಆಣೆಯಿಟ್ಟು ಸಂಜೆ ಮತ್ತೆ ಅಂಗಡಿಯ ಮುಂದೆ ನಿಂತವನಿಗೆ ಈ ಬೋಧನೆ ಹೇಳುವುದು ಒಂದೇ ಮಾತು: ನಿನಗೆ ಮನಸ್ಸಿಲ್ಲ. ಅಗಸ್ಟೀನ್ ಆ ಮನುಷ್ಯನನ್ನು ಒಳಗಿನಿಂದ ಬಲ್ಲ. ಹದಿನಾರರ ಹರೆಯದಲ್ಲಿ ಗೆಳೆಯರೊಂದಿಗೆ ಪಿಯರ್ ಹಣ್ಣು ಕದ್ದು ಹಂದಿಗಳಿಗೆ ಎಸೆದದ್ದನ್ನು ಅವನು ಬಿಡದೆ ಕೆದಕುತ್ತಾನೆ. ಹಸಿವಿರಲಿಲ್ಲ, ಇನ್ನೂ ಒಳ್ಳೆಯ ಹಣ್ಣು ತನ್ನಲ್ಲೇ ಇತ್ತು. ತಪ್ಪು ಮಾಡುವುದೇ ರುಚಿಸಿತ್ತು. ಯಾರೂ ಬಲವಂತ ಮಾಡಲಿಲ್ಲ, ಬಯಸಿದವನು ತಾನೇ; ಆದರೆ ಆ ಬಯಕೆಯೇ ತನ್ನ ಮಾತು ಕೇಳುವುದಿಲ್ಲ. ಇಚ್ಛೆಯೇನೋ ಉಂಟು, ಅದಕ್ಕೆ ರೋಗ ಹತ್ತಿದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಪೂರ್ತಿ ಅಗಸ್ಟೀನನ ಕಡೆ. ಅವನು ನಿಲ್ಲಿಸಲಿಲ್ಲ. ರೋಗ ಮಾತ್ರವಲ್ಲ, ಅಪರಾಧವೂ ಪಿತ್ರಾರ್ಜಿತ ಎಂದ. ಹಾಗಾಗಿ ದೀಕ್ಷಾಸ್ನಾನವಿಲ್ಲದೆ ಸತ್ತ ಹಸುಗೂಸಿಗೂ ದಂಡನೆ ತಪ್ಪದು. ಅದು ಎಲ್ಲಕ್ಕಿಂತ ಸೌಮ್ಯವಾದ ದಂಡನೆ ಎಂಬುದಷ್ಟೇ ರಿಯಾಯಿತಿ. ‘ಮಾಡಿದ್ದುಣ್ಣೋ ಮಹಾರಾಯ’ ಎನ್ನುವ ನಮಗೆ, ಮಾಡದ್ದನ್ನೂ ಉಣ್ಣಬೇಕೆನ್ನುವ ಈ ಲೆಕ್ಕ ಗಂಟಲಲ್ಲಿ ಇಳಿಯದು. ಇಟಲಿಯ ಬಿಷಪ್, ಎಕ್ಲಾನಮ್‌ನ ಜೂಲಿಯನ್‌ಗೂ ಇಳಿಯಲಿಲ್ಲ. ಕೂಸನ್ನು ದಂಡಿಸುವವನು ನ್ಯಾಯವಂತನಾದ ದೇವರು ಹೇಗಾದಾನು ಎಂದು ಅವನು ಪಟ್ಟುಹಿಡಿದ. 418ರ ಕಾರ್ಥೇಜ್ ಸಭೆ ಪೆಲಾಜಿಯಸನ ಬೋಧನೆಯನ್ನು ಖಂಡಿಸಿದ್ದಾಗಿತ್ತು. ಆದರೂ ಜೂಲಿಯನ್‌ಗೆ ಉತ್ತರ ಬರೆಯುತ್ತಲೇ ಅಗಸ್ಟೀನ್ 430ರಲ್ಲಿ ತೀರಿಕೊಂಡ. ಆ ಗ್ರಂಥ ಅಪೂರ್ಣ.

ಪೂರ್ವದ ಗ್ರೀಕ್ ಪರಂಪರೆ ಈ ಗಂಟನ್ನು ಹಾಕಿಕೊಳ್ಳಲೇ ಇಲ್ಲ. ಆದಾಮನಿಂದ ಬಂದದ್ದು ಸಾವು ಮತ್ತು ಕೆಡುಕಿನತ್ತ ವಾಲುವ ಸ್ವಭಾವ, ಅಪರಾಧವಲ್ಲ ಎಂಬುದು ಅವರ ನಿಲುವು. ನನಗೆ ಸರಿ ಕಾಣುವುದು ಇದೇ. ಆಗ ರಕ್ಷಣೆ ಚಿಕಿತ್ಸೆಯಾಗುತ್ತದೆ, ಖುಲಾಸೆಯ ತೀರ್ಪಲ್ಲ. ರೋಗಿಗೆ ಹೊಣೆ ಎಲ್ಲಿಯದು ಎಂದು ಕೇಳಬಹುದು. ಚಿಕಿತ್ಸೆಗೆ ಒಪ್ಪುವುದೋ ಬಿಡುವುದೋ, ಅಲ್ಲಿ. ಆ ಒಪ್ಪಿಗೆಯೂ ಕೃಪೆಯಿಂದಲೇ ಮೊಳೆಯುತ್ತದೆ ಎಂದಿತು 529ರ ಆರೆಂಜ್ ಸಭೆ. ಆದರೆ ಕೆಡುಕಿಗೆಂದೇ ದೇವರು ಯಾರನ್ನಾದರೂ ನೇಮಿಸಿದ್ದಾನೆಂಬ ಮಾತನ್ನು ತಳ್ಳಿಹಾಕಿತು. ಹಾಗಿದ್ದರೆ ಒಬ್ಬನಲ್ಲಿ ಮೊಳೆತದ್ದು ಇನ್ನೊಬ್ಬನಲ್ಲಿ ಏಕೆ ಮೊಳೆಯಲಿಲ್ಲ? ದೇವರ ತೀರ್ಪು ನಿಗೂಢ ಎನ್ನುತ್ತಾನೆ ಅಗಸ್ಟೀನ್. ವಾದ ಸೋಲುವ ಹೊತ್ತಿಗೆ ಬರುವ ನಿಗೂಢತೆಯ ಬಗ್ಗೆ ನನಗೆ ಗುಮಾನಿ.

2007ರಲ್ಲಿ ವ್ಯಾಟಿಕನ್ನಿನ ಅಂತಾರಾಷ್ಟ್ರೀಯ ದೇವತಾಶಾಸ್ತ್ರ ಆಯೋಗ, ದೀಕ್ಷೆಯಿಲ್ಲದೆ ಸತ್ತ ಶಿಶುಗಳೂ ರಕ್ಷಣೆ ಹೊಂದುತ್ತವೆಂದು ನಿರೀಕ್ಷಿಸಲು ಬಲವಾದ ಕಾರಣಗಳಿವೆ ಎಂದಿತು. ಖಚಿತ ಜ್ಞಾನವಲ್ಲ, ನಿರೀಕ್ಷೆ. ಇಚ್ಛೆಯೇ ಮೂಡದ ಕೂಸಿಗೆ ಸಲ್ಲುವ ಈ ನಿರೀಕ್ಷೆ, ಇಚ್ಛೆಗೇ ರೋಗ ಹತ್ತಿದ ದೊಡ್ಡವರಿಗೆ ಏಕೆ ಸಲ್ಲಬಾರದು ಎಂಬುದಕ್ಕೆ ಅಗಸ್ಟೀನನ ತರ್ಕದೊಳಗೆ ನನಗೆ ಉತ್ತರ ಕಾಣುತ್ತಿಲ್ಲ.