ಹೊಸ ಆವೃತ್ತಿಯಲ್ಲಿ ಹಳೆಯ ಜೀನ್

ಜೀವಿಯೊಂದರ ಡಿಎನ್‌ಎಯನ್ನು ಅಳತೆಪಟ್ಟಿಯ ಹಾಗೆ ಪರದೆಯ ಮೇಲೆ ಹರಡಿ, ಯಾವ ಜೀನ್ ಎಷ್ಟನೆಯ ಅಕ್ಷರದಿಂದ, ಅಂದರೆ ಎಷ್ಟನೆಯ ಬೇಸ್‌ನಿಂದ ಶುರುವಾಗುತ್ತದೆ ಎಂದು ತೋರಿಸುವ ತಂತ್ರಾಂಶವೇ ಜೀನೋಮ್ ಬ್ರೌಸರ್. ಹಣ್ಣುನೊಣ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್‌ನ ಜೀನೋಮ್ ಪ್ರಕಟವಾದದ್ದು 2000ದಲ್ಲಿ. ತಿದ್ದುತ್ತ ತಿದ್ದುತ್ತ 2014ರ ಹೊತ್ತಿಗೆ ಆರನೆಯ ಆವೃತ್ತಿ ಬಂತು. ಹೊಸ ಆವೃತ್ತಿ ಬಂದಾಗ ಹಳೆಯ ಗುರುತುಗಳನ್ನೆಲ್ಲ ಹೊಸ ಅಂಕಿಗಳಿಗೆ ಒಯ್ಯಬೇಕಾಗುತ್ತದೆ. ನೋಡಲು ಗುಮಾಸ್ತಿಕೆಯಂಥ ಈ ಕೆಲಸದಲ್ಲಿ ತತ್ತ್ವಶಾಸ್ತ್ರದ ಹಳೆಯ ತೊಡಕೊಂದಿದೆ: ಬದಲಾದ ಮೇಲೂ ‘ಇದು ಅದೇ’ ಎನ್ನಲು ಆಧಾರವೇನು?

‘ವೈಟ್’ ಜೀನನ್ನೇ ನೋಡಬಹುದು. 1910ರಲ್ಲಿ ಥಾಮಸ್ ಹಂಟ್ ಮಾರ್ಗನ್ ಬಿಳಿಗಣ್ಣಿನ ನೊಣದ ಮೂಲಕ ಗುರುತಿಸಿದ ಈ ಜೀನ್ ಎಕ್ಸ್ ಕ್ರೋಮೊಸೋಮಿನಲ್ಲಿದೆ. ಐದನೆಯ ಆವೃತ್ತಿಯಲ್ಲಿ ಅದು ಸುಮಾರು 26.8 ಲಕ್ಷದ ಬಳಿ ಇತ್ತು, ಆರನೆಯದರಲ್ಲಿ 27.9 ಲಕ್ಷದ ಬಳಿ ಇದೆ. ನೊಣದ ಒಳಗೆ ಏನೂ ಕದಲಿಲ್ಲ. ಮೊದಲು ಬಿಟ್ಟುಹೋಗಿದ್ದ ಭಾಗ ಸೇರಿದ್ದರಿಂದ ಎಣಿಕೆ ಸರಿಯಿತು, ಅಷ್ಟೇ. ಆದ್ದರಿಂದ ಸ್ಥಾನ ಜೀನಿನ ಸ್ವರೂಪವಲ್ಲ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ‘ಲಿಫ್ಟ್‌ಓವರ್’ ಎಂಬ ಸಾಧನ ಎರಡೂ ಆವೃತ್ತಿಗಳನ್ನು ಮೊದಲೇ ಜೋಡಿಸಿಟ್ಟ ಕಡತವನ್ನು ನೋಡಿ, ಹಳೆಯ ತುಣುಕಿನ ಬೇಸ್‌ಗಳು ಸಾಕಷ್ಟು ಪಾಲು ಹೊಸದರಲ್ಲಿ ಸಿಕ್ಕರೆ ಮಾತ್ರ ಒಪ್ಪುತ್ತದೆ. ಆ ಪಾಲು ಸಾಮಾನ್ಯವಾಗಿ ಶೇ. 95, ಬಳಸುವವರು ಅದನ್ನು ಬದಲಿಸಲೂಬಹುದು. ಅಂದರೆ ‘ಅದೇ’ ಎನ್ನುವ ತೀರ್ಪಿಗೆ ಮನುಷ್ಯರು ಗೆರೆ ಎಳೆದಿದ್ದಾರೆ. ವಸ್ತುವಿನ ಹಿಂದೆ ಶಾಶ್ವತ ತಿರುಳಿಲ್ಲ, ಒಂದರ ಹಿಂದೊಂದು ಬರುವ ಸಂತಾನವಷ್ಟೇ ಇದೆ ಎಂಬ ಬೌದ್ಧರ ವಾದಕ್ಕೆ ಇದು ಹತ್ತಿರ. ಆದರೆ ನ್ಯಾಯದರ್ಶನದವರಾದ ನೈಯಾಯಿಕರು ಸುಮ್ಮನಿರಲಾರರು: ಬದಲಾದದ್ದು ವರದಿ, ವಸ್ತುವಲ್ಲ, ನೊಣದ ಜೀನ್ ಇದ್ದಲ್ಲೇ ಇದೆ. ಈ ವಿಷಯದಲ್ಲಿ ನೈಯಾಯಿಕರ ಪಕ್ಷವೇ ಗಟ್ಟಿ. ಹೊಂದಿಕೆಯಾಗದ ತುಣುಕಿಗೆ ಸಾಧನ ‘ಹೊಸದರಲ್ಲಿ ಅಳಿಸಿದೆ’ ಎಂದು ಷರಾ ಬರೆಯುತ್ತದೆ. ನೊಣವಂತೂ ಏನನ್ನೂ ಕಳೆದುಕೊಂಡಿರುವುದಿಲ್ಲ.

ಆದರೆ ಅವರ ಪಕ್ಷಕ್ಕೂ ಒಂದು ಅಡಚಣೆಯಿದೆ. ವರದಿ ಯಾವ ನೊಣದ್ದು? ಅವರ ಮೂಲಗ್ರಂಥವಾದ ನ್ಯಾಯಸೂತ್ರ ಪದದ ಅರ್ಥವನ್ನು ವ್ಯಕ್ತಿ, ಆಕೃತಿ, ಜಾತಿ ಎಂದು ಮೂರಾಗಿ ಹೇಳುತ್ತದೆ. ಬ್ರೌಸರ್ ತೋರಿಸುವುದು ಇಡೀ ಜಾತಿಯನ್ನೂ ಅಲ್ಲ, ಯಾವುದೋ ಒಂದು ನೊಣವನ್ನೂ ಅಲ್ಲ. ಐಸೋ-1 ಎಂಬ ಪ್ರಯೋಗಾಲಯದ ತಳಿಯನ್ನು. ಅದೂ ಎಂಥ ತಳಿ! ಮೈ ಹಳದಿ, ಸಿನ್ನಬಾರ್ ಮತ್ತು ಬ್ರೌನ್ ಎಂಬೆರಡು ಜೀನ್‌ಗಳು ಕೆಟ್ಟು ಕಣ್ಣಿನ ಎರಡೂ ಬಣ್ಣ ಹೋಗಿ ಕಣ್ಣು ಬಿಳಿ. ವೈಟ್ ಜೀನ್ ಮಾತ್ರ ನೆಟ್ಟಗಿದೆ. ಹೀಗೆ ವಿಕೃತಿಗಳನ್ನು ಹೊತ್ತ ತಳಿಯೇ ಎಲ್ಲ ಹಣ್ಣುನೊಣಗಳಿಗೆ ಪ್ರಮಾಣ. ಅಳೆಯಲು ಅನುಕೂಲವೆಂದು ಅದನ್ನು ಆರಿಸಿದ್ದೇ ಹೊರತು ಅದು ಜಾತಿಯ ಸರಿಯಾದ ಪ್ರತಿನಿಧಿಯೆಂದಲ್ಲ.

ವೈ ಕ್ರೋಮೊಸೋಮಿನಲ್ಲಿ ವರದಿಗೂ ವಸ್ತುವಿಗೂ ಇರುವ ಅಂತರ ಇನ್ನೂ ದೊಡ್ಡದು. ಐದನೆಯ ಆವೃತ್ತಿಯಲ್ಲಿ ಅದರ ಉದ್ದ ಸುಮಾರು 3.5 ಲಕ್ಷ ಬೇಸ್, ಆರನೆಯದರಲ್ಲಿ 36.7 ಲಕ್ಷ. ಅಷ್ಟಾದರೂ ಬಹುಪಾಲು ಹೊರಗೇ ಉಳಿದಿದೆ, ಏಕೆಂದರೆ ಒಂದೇ ಸಾಲು ಸಾವಿರಾರು ಸಲ ಮರುಕಳಿಸುವ ಕಡೆ ಯಾವ ತುಣುಕು ಎಲ್ಲಿಯದೆಂದು ಹೇಳಲಾಗುವುದಿಲ್ಲ.

ಸ್ಥಾನ ಹೀಗೆ ಸರಿಯುವುದರಿಂದ, ಜೀನುಗಳಿಗೆ ಸ್ಥಾನ ಅವಲಂಬಿಸದ ಸಂಖ್ಯೆಯನ್ನು ಹಣ್ಣುನೊಣದ ದತ್ತಸಂಚಯವಾದ ಫ್ಲೈಬೇಸ್ ಕೊಡುತ್ತದೆ. ಒಂದೇ ಎಂದುಕೊಂಡ ಜೀನ್ ಎರಡೆಂದು ತಿಳಿದರೂ ಹಳೆಯ ಸಂಖ್ಯೆ ಗೌಣ ಗುರುತಾಗಿ ಉಳಿಯುತ್ತದೆ. ಹಳೆಯ ಲೇಖನಗಳ ಅಂಕಿಗಳು ಆಯಾ ಆವೃತ್ತಿಯ ಹೆಸರಿದ್ದರೆ ಮಾತ್ರ ಅರ್ಥವಾಗುವುದರಿಂದ ಬ್ರೌಸರ್‌ಗಳಲ್ಲಿ ಹಿಂದಿನ ಆವೃತ್ತಿಗಳನ್ನೂ ಇಟ್ಟಿರುತ್ತಾರೆ.