ತಿದ್ದುವವರು ಯಾರು?

ಕುಂಟೆಬಿಲ್ಲೆ ಆಡುವ ಮಕ್ಕಳನ್ನು ಸ್ವಲ್ಪ ಹೊತ್ತು ನಿಂತು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ: ಅವರು ಆಡುವುದಕ್ಕಿಂತ ಹೆಚ್ಚು ಹೊತ್ತು ಜಗಳವಾಡುತ್ತಾರೆ. ಗೆರೆ ತುಳಿದರೆ ಔಟೋ ಅಲ್ಲವೋ, ಬಿಲ್ಲೆ ಗೆರೆಯ ಮೇಲೆಯೇ ನಿಂತರೆ ಮುಂದೆ ಯಾರ ಸರದಿ, ಎಲ್ಲರಿಗಿಂತ ಚಿಕ್ಕವಳಿಗೆ ಇನ್ನೊಂದು ಅವಕಾಶ ಕೊಡಬೇಕೋ ಬೇಡವೋ, ಹೀಗೆ. ಹಿರಿಯರಿಗೆ ಇದು ವ್ಯರ್ಥ ಕಾಲಹರಣವೆಂದು ತೋರುತ್ತದೆ. ವಾಸ್ತವವಾಗಿ ಆ ಜಗಳವೇ ಆಟದ ಅರ್ಧ ಭಾಗ. ಚೌಕ ಬರೆದವರು ಅವರೇ, ನಿಯಮ ಕಟ್ಟಿದವರೂ ಅವರೇ. ಕಟ್ಟಿದ ನಿಯಮ ಸರಿಹೋಗಲಿಲ್ಲವೆಂದರೆ ದೀಪ ಹೊತ್ತಿಸುವುದರೊಳಗಾಗಿ ಅದನ್ನು ಅಳಿಸಿ ಬೇರೆ ಬರೆಯುವವರೂ ಅವರೇ.

ಮೊಬೈಲಿನಲ್ಲಿ ಆಡುವ ಆಟಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ಅಲ್ಲಿ ಮಗು ಗೆಲ್ಲಬಹುದು, ಸೋಲಬಹುದು; ನಿಯಮದೊಡನೆ ವಾದಿಸುವಂತಿಲ್ಲ. ಮೊಬೈಲು ಮಕ್ಕಳನ್ನು ಕೆಡಿಸಿತು ಎಂಬ ಹಳೆಯ ರಾಗವನ್ನು ಎತ್ತುವುದು ನನ್ನ ಉದ್ದೇಶವಲ್ಲ. ಅದನ್ನು ನನಗಿಂತ ಚೆನ್ನಾಗಿ ಹಾಡುವವರು ಎಷ್ಟೋ ಮಂದಿ ಇದ್ದಾರೆ. ನನ್ನ ಪ್ರಶ್ನೆ ಬೇರೆ. ಅದೇ ಮೊಬೈಲಿನಲ್ಲಿ, ಆಡುವವನೇ ಆಟವನ್ನು ಬರೆದು ನೋಡುವುದಕ್ಕೆ ಸಾಧನವೊಂದನ್ನು ಮಾಡಿಕೊಟ್ಟರೆ, ಆ ಸಾಧನವನ್ನು ಮಾಡುವಾತ ತನ್ನ ಹುಡುಗರನ್ನು ತಪ್ಪಿನಿಂದ ಎಷ್ಟರ ಮಟ್ಟಿಗೆ ಕಾಪಾಡಬೇಕು? ಎಷ್ಟರ ಮಟ್ಟಿಗೆ ಬಿಟ್ಟುಬಿಡಬೇಕು?

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಮೇಷ್ಟರಿಗೆ ಈ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಕಾರಣ ಇದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಹಗಲು ಕಂಪನಿಯ ಕೆಲಸ. ರಾತ್ರಿ ಊಟವಾದ ಮೇಲೆ ಇಂಥದೊಂದು ಆ್ಯಪ್ ಕಟ್ಟುವ ಹವ್ಯಾಸ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಹುಡುಗನ ಕೈಯಲ್ಲೂ ಇಂದು ಒಂದು ಫೋನು ಇರುತ್ತದೆ. ಆ ಫೋನಿನಲ್ಲೇ ಆತ ಆಟದ ಸ್ಕ್ರಿಪ್ಟ್ ಬರೆದು, ಅಲ್ಲೇ ನಡೆಸಿ ನೋಡುವಂತಾಗಬೇಕು ಎಂಬುದು ಅವನ ಆಸೆ. ಹುಡುಗರು ತಪ್ಪಿದಾಗ ಆ್ಯಪ್ ಹೇಳತಕ್ಕ ಮಾತುಗಳನ್ನು ಒಳ್ಳೆಯ ಕನ್ನಡದಲ್ಲಿ ಬರೆದುಕೊಡಬೇಕೆಂದು ಅವನು ನನ್ನನ್ನು ಕೇಳಿದ. ತಪ್ಪನ್ನು ಹೇಗೆ ಹೇಳಬೇಕು ಎಂಬಲ್ಲಿಂದ ಹೊರಟ ಮಾತು, ತಪ್ಪು ಯಾರದು, ತಿದ್ದುವ ಹಕ್ಕು ಯಾರದು ಎಂಬಲ್ಲಿಗೆ ಬಂದು ನಿಂತಿತು.

ಸ್ಕ್ರಿಪ್ಟ್ ಎಂದರೇನೆಂದು ಎರಡು ಮಾತು ಹೇಳಿಬಿಡುತ್ತೇನೆ. ಯಕ್ಷಗಾನದ ಮೇಳವನ್ನು ನೆನೆಯಿರಿ. ರಂಗಸ್ಥಳ, ಚೆಂಡೆ, ಮದ್ದಳೆ, ವೇಷಭೂಷಣ, ನುರಿತ ಕಲಾವಿದರು, ಇಷ್ಟೂ ಮೇಳದ ಸೊತ್ತು. ಪ್ರತಿ ರಾತ್ರಿಯೂ ಇದೆಲ್ಲ ಅದೇ. ಪ್ರಸಂಗ ಮಾತ್ರ ಬೇರೆ. ಗಣಕದ ಆಟದಲ್ಲಿಯೂ ಹೀಗೆಯೇ. ಚಿತ್ರ ಮೂಡಿಸುವುದು, ಸದ್ದು ಹೊರಡಿಸುವುದು, ಬೆರಳಿನ ಸ್ಪರ್ಶವನ್ನು ಅರಿಯುವುದು ಮುಂತಾದ ಭಾರದ ಕೆಲಸವನ್ನು ಒಂದು ಯಂತ್ರಭಾಗ ಹೊತ್ತುಕೊಳ್ಳುತ್ತದೆ. ಚೆಂಡು ಗೋಡೆಗೆ ತಗುಲಿದರೆ ಏನಾಗಬೇಕು, ಎಷ್ಟು ಅಂಕಕ್ಕೆ ಗೆಲವು ಎಂಬುದನ್ನು ಹೇಳುವ ಹಗುರವಾದ ಬರಹವೇ ಸ್ಕ್ರಿಪ್ಟ್. ಅದಕ್ಕೆಂದು ಬಹಳವಾಗಿ ಬಳಕೆಯಲ್ಲಿರುವ ಭಾಷೆಗಳಲ್ಲಿ ಒಂದು ಲುವಾ. 1993ರಲ್ಲಿ ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಮೂವರು ಸೇರಿ ಅದನ್ನು ರೂಪಿಸಿದರು. ಪೋರ್ಚುಗೀಸ್ ಭಾಷೆಯಲ್ಲಿ ಲುವಾ ಎಂದರೆ ಚಂದ್ರ.

ನನ್ನ ವಿದ್ಯಾರ್ಥಿಯ ಪ್ರಯತ್ನ ಲೋಕದಲ್ಲಿ ಮೊದಲನೆಯದೇನಲ್ಲ. ಆಸ್ಟ್ರೇಲಿಯದ ಅಡಿಲೇಡ್ ನಗರದ ಚಿಕ್ಕ ಸಂಸ್ಥೆಯೊಂದು 2011ರಲ್ಲಿ ಐಪ್ಯಾಡಿಗಾಗಿ ಕೋಡಿಯ ಎಂಬ ಆ್ಯಪನ್ನು ಹೊರತಂದಿತು. ಲುವಾ ಭಾಷೆಯಲ್ಲಿ ಬರೆಯುವುದೂ ಬರೆದದ್ದನ್ನು ಆಡಿ ನೋಡುವುದೂ ಅಲ್ಲಿ ಒಂದೇ ಹಲಗೆಯ ಮೇಲೆ ನಡೆಯುತ್ತವೆ. 2012ರಲ್ಲಿ ಅದರಲ್ಲೇ ಬರೆದ ಕಾರ್ಗೊ ಬಾಟ್ ಎಂಬ ಆಟ ಬಂದಿತು. ಪೆಟ್ಟಿಗೆಗಳನ್ನು ಎತ್ತಿ ಇಡುವ ಯಂತ್ರದ ತೋಳೊಂದಕ್ಕೆ ಆಡುವವನು ಸೂಚನೆಗಳ ಸಾಲನ್ನು ಕೊಡಬೇಕು. ಸೂಚನೆ ತಪ್ಪಾದರೆ ತೋಳು ಪೆಟ್ಟಿಗೆಯನ್ನು ಎಲ್ಲೋ ಇಟ್ಟು ಪೆಚ್ಚಾಗಿ ನಿಲ್ಲುತ್ತದೆ. ಅದನ್ನು ಕಂಡು ನಗು ಬರುತ್ತದೆ; ನಕ್ಕ ಮೇಲೆ ತಿದ್ದಬೇಕೆನ್ನಿಸುತ್ತದೆ.

ಈಗ ನಮ್ಮ ವಿವಾದಕ್ಕೆ ಬರೋಣ. ಲುವಾದಲ್ಲಿ ಒಬ್ಬ ಹುಡುಗ ಅಂಕಕ್ಕೆ ಒಂದು ಹೆಸರಿಟ್ಟ. ಹತ್ತು ಸಾಲು ಕೆಳಗೆ ಆ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ ಬರೆದ ಎನ್ನೋಣ. ಭಾಷೆ ಆ ಕೂಡಲೆ ಗದರುವುದಿಲ್ಲ. ಯಾರೂ ಇಡದ ಆ ಹೊಸ ಹೆಸರಿಗೆ ‘ನಿಲ್’ ಎಂಬ ಬೆಲೆಯನ್ನು, ಎಂದರೆ ನಮ್ಮ ‘ಇಲ್ಲ’ವನ್ನು, ಕೊಟ್ಟು ಸುಮ್ಮನಾಗುತ್ತದೆ. ಆ ‘ಇಲ್ಲ’ಕ್ಕೆ ಒಂದನ್ನು ಕೂಡಿಸಲು ಹೋದಾಗ ಆಟ ಥಟ್ಟನೆ ನಿಲ್ಲುತ್ತದೆ. ಕೆಲವು ಸಲ ತಪ್ಪು ಹುಟ್ಟಿದ್ದು ಒಂದು ಸಾಲಿನಲ್ಲಿ, ಕಂಡದ್ದು ಇನ್ನೊಂದರಲ್ಲಿ. ಬದುಕಿನಲ್ಲಿಯೂ ಅಷ್ಟೇ ಅಲ್ಲವೆ?

ನನ್ನ ವಿದ್ಯಾರ್ಥಿಯ ಮೊದಲ ಯೋಜನೆಯಲ್ಲಿ ಇಂಥ ತಪ್ಪುಗಳನ್ನು ಆ್ಯಪೇ ಕಂಡುಹಿಡಿದು, ಹೇಳದೆ ಕೇಳದೆ ಸರಿಪಡಿಸಿ ಆಟವನ್ನು ಮುಂದಕ್ಕೆ ನಡೆಸುವ ಏರ್ಪಾಟಿತ್ತು. ನಾನು ಬೇಡವೆಂದೆ. ಅವನು ಸುಲಭವಾಗಿ ಒಪ್ಪಲಿಲ್ಲ.

“ಸಾರ್, ಮೊದಲ ದಿನವೇ ಕೆಂಪು ಅಕ್ಷರ ಕಂಡರೆ ಹುಡುಗ ಆ್ಯಪನ್ನೇ ತೆಗೆದುಹಾಕುತ್ತಾನೆ. ಇಂಗ್ಲಿಷ್ ಶಾಲೆಯಲ್ಲಿ ಓದಿ, ಮನೆಯಲ್ಲಿ ಹೇಳಿಕೊಡುವವರಿರುವ ಹುಡುಗ ಹೇಗೋ ದಾಟುತ್ತಾನೆ. ನಾನು ಕಟ್ಟುತ್ತಿರುವುದು ಅವನಿಗಲ್ಲ. ಯಾರೂ ಇಲ್ಲದ ಹುಡುಗನಿಗೆ ‘ತಪ್ಪಿ ಕಲಿತುಕೊ’ ಅನ್ನೋದು ಸುಲಭ. ಅವನು ತಪ್ಪಿ ಸುಮ್ಮನೆ ಬಿಟ್ಟುಬಿಡುತ್ತಾನೆ, ಅಷ್ಟೆ.”

ಇದು ತಳ್ಳಿಹಾಕತಕ್ಕ ಮಾತಲ್ಲ. ತಪ್ಪಿನ ಹಿರಿಮೆಯನ್ನು ಹೊಗಳುವವರಲ್ಲಿ ಬಹುಮಂದಿ, ತಪ್ಪಿದರೂ ಬೀಳದಷ್ಟು ಅನುಕೂಲವಿದ್ದವರು. ಬಡವನ ತಪ್ಪಿಗೆ ಬೆಲೆ ಹೆಚ್ಚು. ಒಂದು ವರ್ಷ ಫೇಲಾದ ಹುಡುಗನನ್ನು ಓದು ಬಿಡಿಸಿ ಅಂಗಡಿಯಲ್ಲಿ ಕೂರಿಸುವ ಮನೆಗಳನ್ನು ನಾನು ಬಲ್ಲೆ.

ಆದರೂ ನನ್ನ ಮನಸ್ಸು ಒಪ್ಪದಿದ್ದುದಕ್ಕೆ ಕಾರಣ ನಮ್ಮ ಕನ್ನಡದ ಒಂದು ಶಬ್ದ. ‘ತಿದ್ದು’ ಎಂಬ ಮಾತನ್ನು ನಾವು ಎರಡು ಕಡೆ ಆಡುತ್ತೇವೆ. ಕಲಿಯುವ ಮಗು ಅಕ್ಷರ ತಿದ್ದುತ್ತದೆ. ಕಲಿತವರು ತಪ್ಪು ತಿದ್ದುತ್ತಾರೆ. ಬರೆಯಲು ಕಲಿಯುವುದಕ್ಕೂ ತಪ್ಪನ್ನು ಸರಿಮಾಡುವುದಕ್ಕೂ ನಮ್ಮ ಹಿರಿಯರಿಗೆ ಒಂದೇ ಮಾತು ಸಾಕಾಯಿತು. ಹಳೆಯ ಕೂಲಿಮಠಗಳಲ್ಲಿ ಮರಳಿನ ಮೇಲೆ ಬೆರಳಾಡಿಸಿ ತಿದ್ದಿಸುತ್ತಿದ್ದರು. ಗುರುಗಳು ಮೊದಲ ದಿನ ಕೈ ಹಿಡಿದು ತಿದ್ದಿಸುವುದುಂಟು. ಆದರೆ ದಿನವೂ ತಾವೇ ಬರೆದು, ಇದು ನಿನ್ನ ಅಕ್ಷರ ಎಂದು ಮಗುವಿಗೆ ಹೇಳುವುದಿಲ್ಲ. ಹಾಗೆ ಹೇಳಿದರೆ ಅದು ದಯೆಯಂತೆ ತೋರುವ ಸುಳ್ಳು. ಹೇಳದೆ ಸರಿಪಡಿಸುವ ಆ್ಯಪ್ ಮಾಡುವುದೂ ಅದನ್ನೇ. ಆಟ ಓಡುತ್ತದೆ, ಹುಡುಗ ತಾನು ಓಡಿಸಿದೆನೆಂದು ನಂಬುತ್ತಾನೆ. ನಾಳೆ ಬೇರೆಡೆ ಬರೆಯಲು ಕುಳಿತಾಗ ಅವನ ಕೈಯಲ್ಲಿ ಏನೂ ಇರುವುದಿಲ್ಲ. ಯಾರೂ ಇಲ್ಲದ ಹುಡುಗನಿಗೆ ಇದಕ್ಕಿಂತ ದೊಡ್ಡ ಮೋಸವುಂಟೆ?

ಮಕ್ಕಳಿಗಾಗಿ 1967ರಲ್ಲಿ ಹುಟ್ಟಿದ ಲೋಗೊ ಎಂಬ ಗಣಕಭಾಷೆಯ ನಿರ್ಮಾಪಕರಲ್ಲೊಬ್ಬರಾದ ಸೈಮೂರ್ ಪ್ಯಾಪರ್ಟ್ ತಮ್ಮ 1980ರ ಪುಸ್ತಕದಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಶಾಲೆ ತಪ್ಪನ್ನು ಅಳಿಸಿಬಿಡಬೇಕಾದ ಕಳಂಕವೆಂದು ನೋಡುತ್ತದೆ. ಗಣಕದೆದುರಿನ ಮಗುವಿಗಾದರೋ ತಪ್ಪು ಅಧ್ಯಯನದ ವಸ್ತು ಎಂಬುದು ಅವರ ವಾದದ ಸಾರ. ಇದಕ್ಕೆ ಒಂದು ಮಾತು ಸೇರಿಸಬಹುದು. ನಮ್ಮ ತರಗತಿಗಳಲ್ಲಿ ತಪ್ಪು ನಲವತ್ತು ಜನರೆದುರು ಬಯಲಾಗುತ್ತದೆ. ನೋವು ತಪ್ಪಿನದಲ್ಲ, ನಗುವಿನದು. ಅಂಗೈಯಲ್ಲಿರುವ ಫೋನಿನಲ್ಲಿ ಬರೆದವನೇ ಪರೀಕ್ಷಕ. ಯಾರೂ ಕಾಣದಂತೆ ತಪ್ಪಿ, ಯಾರೂ ಕಾಣದಂತೆ ತಿದ್ದಿಕೊಳ್ಳುವ ಅವಕಾಶ ಅನುಕೂಲವಂತರ ಮಕ್ಕಳಿಗೆ ಮನೆಯಲ್ಲೇ ಸಿಗುತ್ತದೆ. ಉಳಿದವರಿಗೂ ಅದು ಸಿಗಲಿ ಎಂಬುದಾದರೆ, ಇಂಥ ಸಾಧನ ಕಟ್ಟುವ ಶ್ರಮ ಸಾರ್ಥಕವಾದುದೇ.

ಹಾಗಾದರೆ ಎಲ್ಲವನ್ನೂ ಹುಡುಗನ ತಪ್ಪೆಂದು ಅವನ ತಲೆಗೆ ಕಟ್ಟಬಹುದೆ? ಕುಣಿಯಲಾರದವಳು ನೆಲ ಡೊಂಕೆಂದಳು ಎಂದು ಗಾದೆ. ಆದರೆ ಕೆಲವು ಸಲ ನೆಲವೇ ನಿಜವಾಗಿ ಡೊಂಕಾಗಿರುತ್ತದೆ. ಎರಡಕ್ಷರದ ಪದಗಳನ್ನು ಕೂಡಿಸುವ ಆಟವೊಂದನ್ನು ನನ್ನ ವಿದ್ಯಾರ್ಥಿ ಮಾದರಿಗೆಂದು ಬರೆದಿದ್ದ. ‘ಲಕ್ಷ್ಮಿ’ ಎಂಬ ಪದದ ಉದ್ದವೆಷ್ಟೆಂದು ಲುವಾವನ್ನು ಕೇಳಿದರೆ 21 ಎಂದಿತು! ಕಾರಣ ಇಷ್ಟೆ: ಲಕಾರ, ಕಕಾರ, ಷಕಾರ, ಮಕಾರ, ಇಕಾರದ ಗುಡಿಸು, ಎರಡು ಹಲಂತ, ಒಟ್ಟು 7 ಚಿಹ್ನೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟು. ಲುವಾ ಎಣಿಸುವುದು ಬೈಟುಗಳನ್ನು. 2015ರಲ್ಲಿ ಬಂದ 5.3ನೆಯ ಆವೃತ್ತಿಯಲ್ಲಿ ಚಿಹ್ನೆಗಳನ್ನು ಎಣಿಸುವ ಸೌಕರ್ಯ ಸೇರಿತು. ಇಪ್ಪತ್ತೊಂದು ಏಳಾಯಿತು, ಎರಡಾಗಲಿಲ್ಲ. ಅಲ್ಲಿ ಹೆಸರುಗಳನ್ನಿಡಬೇಕಾದರೂ ರೋಮನ್ ಅಕ್ಷರಗಳೇ ಬೇಕು. ‘ಅಂಕ’ ಎಂದು ನಮ್ಮ ಲಿಪಿಯಲ್ಲಿ ಬರೆದರೆ ಒಪ್ಪುವುದಿಲ್ಲ.

ಕನ್ನಡದ ಹುಡುಗ ಇಲ್ಲಿ ಎಡವಿದರೆ ಅದು ಅವನ ಕಾಲಿನ ದೋಷವಲ್ಲ. ಇಂಥ ಕಡೆ ಸಾಧನ ಮಾಡುವವನು ತಾನೇ ದುಡಿದು ನೆಲವನ್ನು ಸಮಮಾಡಬೇಕು. ಅಕ್ಷರವನ್ನು ಅಕ್ಷರವಾಗಿ ಎಣಿಸುವ ವಿಧಿಯನ್ನು ತಾನೇ ಬರೆದು ಕೊಡಬೇಕು. ತಪ್ಪು ಮಾಡುವ ಸ್ವಾತಂತ್ರ್ಯಕ್ಕೆ ಅರ್ಥ ಬರುವುದು, ನನ್ನ ತಪ್ಪಾವುದು ನನ್ನದಲ್ಲದ ತಪ್ಪಾವುದು ಎಂದು ತಿಳಿಯುವಂತಿದ್ದಾಗ. ಈ ವಿವೇಕವಿಲ್ಲದೆ ‘ಪ್ರಯತ್ನ ಸಾಲದು’ ಎಂದು ಹುಡುಗರನ್ನು ಹಳಿಯುವುದು, ಸಾಧನ ಮಾಡುವವರಲ್ಲಿ ಮಾತ್ರವಲ್ಲ, ಪಾಠ ಹೇಳುವವರಲ್ಲಿಯೂ ಕಾಣುವ ಚಾಳಿ.

ಇನ್ನು ಅಪಾಯದ ಮಾತು. ಹುಡುಗನ ಸ್ಕ್ರಿಪ್ಟ್ ಸುತ್ತಿದಲ್ಲೇ ಸುತ್ತುತ್ತ ಎಂದಿಗೂ ನಿಲ್ಲದೆ ಫೋನನ್ನು ಸ್ತಬ್ಧಗೊಳಿಸಬಹುದು. ಅಂಥ ಸ್ಕ್ರಿಪ್ಟನ್ನು ಮೊದಲೇ ಗುರುತಿಸಿ ತಡೆಯಬಾರದೆ? ಎಲ್ಲ ಸಂದರ್ಭಕ್ಕೂ ಅದು ಆಗದ ಕೆಲಸ. ಆ್ಯಲನ್ ಟ್ಯೂರಿಂಗ್ 1936ರಲ್ಲಿ ರಚಿಸಿದ ಪ್ರಬಂಧದಿಂದ ತಿಳಿದುಬಂದ ತತ್ತ್ವವಿದು: ಯಾವುದೇ ಕ್ರಮವಿಧಿ ಕೊನೆಗೊಮ್ಮೆ ನಿಂತೀತೆ ಇಲ್ಲವೆ ಎಂಬುದನ್ನು ಮುಂದಾಗಿ, ತಪ್ಪದೆ ಹೇಳಬಲ್ಲ ಸಾಮಾನ್ಯ ಉಪಾಯ ಇರಲಾರದು. ಆದರೆ ನಡೆಯುತ್ತಿರುವುದನ್ನು ನಿಲ್ಲಿಸಬಹುದು. ಇಷ್ಟು ಆಜ್ಞೆಗಳು ನಡೆದ ಮೇಲೆ ಒಮ್ಮೆ ನನ್ನನ್ನು ಕೂಗು ಎಂದು ಲುವಾಕ್ಕೆ ಹೇಳಿಡುವ ವ್ಯವಸ್ಥೆಯುಂಟು. ಅದರಿಂದ ‘ನಿಲ್ಲಿಸು’ ಎಂಬ ಗುಂಡಿಯೊಂದನ್ನು ಕೊಡಬಹುದು. ಮಕ್ಕಳನ್ನು ಬೆಳೆಸುವವರಿಗೂ ಇದರಲ್ಲಿ ಒಂದು ಸಮಾಧಾನವಿದೆಯೆಂದು ನನಗೆ ತೋರುತ್ತದೆ. ಅವರ ತಪ್ಪುಗಳನ್ನೆಲ್ಲ ಮುಂದಾಗಿ ಕಾಣುವುದು ನಮ್ಮಿಂದಾಗದು. ಕಾಣಲೇಬೇಕೆಂದು ಯಾರೂ ನಮ್ಮನ್ನು ಕೇಳುವಂತೆಯೂ ಇಲ್ಲ. ಕೂಗಿದರೆ ಕೇಳಿಸುವಷ್ಟು ದೂರದಲ್ಲಿದ್ದರೆ ಸಾಕು.

ಬೇಲಿಯ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಎಲ್ಲಿಂದಲೋ ಬಂದ ಸ್ಕ್ರಿಪ್ಟ್ ಫೋನಿನಲ್ಲಿರುವ ಚಿತ್ರಗಳನ್ನೂ ನಂಬರುಗಳನ್ನೂ ಕದಿಯುವಂತಿರಬಾರದು. ಸ್ಕ್ರಿಪ್ಟಿಗೆ ಗೊತ್ತುಮಾಡಿಕೊಟ್ಟ ಕಾವಲಿನ ಎಡೆಗೆ ಗಣಕದವರು ಸ್ಯಾಂಡ್‌ಬಾಕ್ಸ್ ಎನ್ನುತ್ತಾರೆ, ಮರಳಿನ ಪೆಟ್ಟಿಗೆ. ನಮ್ಮ ಕೂಲಿಮಠದ ಮರಳು ಇಲ್ಲಿಯೂ ಕಾಣಿಸಿಕೊಂಡಿತು! ಆದರೆ ಬೇಲಿಯನ್ನು ಎಲ್ಲಿ ಹಾಕಬೇಕೆಂಬುದು ಮುಖ್ಯ. ಮಕ್ಕಳಿಗೆಂದು ಎಂಐಟಿಯಲ್ಲಿ ರೂಪುಗೊಂಡ ಸ್ಕ್ರ್ಯಾಚ್ ಭಾಷೆಯ ರಚನೆಗಳನ್ನು ಐಫೋನಿನಲ್ಲಿ ತೋರಿಸುತ್ತಿದ್ದ ಆ್ಯಪೊಂದನ್ನು ಆ್ಯಪಲ್ ಸಂಸ್ಥೆ 2010ರಲ್ಲಿ ತನ್ನ ಅಂಗಡಿಯಿಂದ ತೆಗೆದುಹಾಕಿತು. ಇಂಥ ಆ್ಯಪ್‌ಗಳ ಮೇಲೆ ಆಗ ಕಟ್ಟು ಅಷ್ಟು ಬಿಗಿಯಾಗಿತ್ತು. ಮುಂದೆ ಅದು ಸಡಿಲವಾಯಿತು. 2017ರ ಹೊತ್ತಿಗೆ ಸೇರಿಸಿದ ನಿಯಮದಲ್ಲಿ, ಕಲಿಕೆಯ ಆ್ಯಪ್‌ಗಳು ಹೊರಗಿನ ಬರಹವನ್ನು ಮಿತವಾಗಿ ತರಿಸಿಕೊಳ್ಳಬಹುದು, ಆದರೆ ಆ ಬರಹ ಬಳಸುವವನಿಗೆ ಪೂರ್ಣವಾಗಿ ಕಾಣುವಂತೆಯೂ ತಿದ್ದುವಂತೆಯೂ ಇರಬೇಕು ಎಂದಾಯಿತು. ವ್ಯಾಪಾರದ ಸಂಸ್ಥೆಯ ಕಟ್ಟಳೆಯಾದರೂ ಇದರಲ್ಲಿ ಒಂದು ನ್ಯಾಯವಿದೆ. ನನ್ನ ತಪ್ಪಿನಿಂದ ಪರರನ್ನು ಕಾಪಾಡುವ ಬೇಲಿ ಧರ್ಮ. ನನ್ನ ತಪ್ಪಿನಿಂದ ನನ್ನನ್ನೇ ಬೇರ್ಪಡಿಸುವ ಬೇಲಿಯನ್ನು ಹಾಗೆನ್ನಲಾಗದು.

ನಾವಿಬ್ಬರೂ ಒಂದು ಮಧ್ಯದ ದಾರಿಗೆ ಬಂದಿದ್ದೇವೆ. ಆ್ಯಪ್ ತಾನಾಗಿ ತಿದ್ದುವುದಿಲ್ಲ. “ಹದಿನಾಲ್ಕನೆಯ ಸಾಲಿನಲ್ಲಿರುವ ಈ ಹೆಸರಿಗೆ ಇನ್ನೂ ಬೆಲೆ ಕೊಟ್ಟಿಲ್ಲ, ಮೇಲೆ ಇದನ್ನು ಹೋಲುವ ಹೆಸರೊಂದಿದೆ, ನೋಡು” ಎಂದು ಹೇಳುತ್ತದೆ. ಇದನ್ನು ಕೆಂಪು ಬಣ್ಣದಲ್ಲಿ ಬರೆಯುವುದಿಲ್ಲವೆಂದೂ ‘ತಪ್ಪು’ ಎಂಬ ಪದವನ್ನು ಬಳಸುವುದಿಲ್ಲವೆಂದೂ ಒಪ್ಪಿಕೊಂಡೆವು. ಬೇಸತ್ತವನು ಕೇಳಿದರೆ ಮಾತ್ರ ಇನ್ನೊಂದು ಸುಳಿವು. ಹುಡುಗರು ಉಳಿಯುತ್ತಾರೋ ಓಡುತ್ತಾರೋ ಎಂಬ ಅಳುಕು ನನ್ನ ವಿದ್ಯಾರ್ಥಿಗೆ ಇನ್ನೂ ಹೋಗಿಲ್ಲ. ಆ ಅಳುಕು ಅವನಲ್ಲಿರುವುದೇ ಒಳ್ಳೆಯದು.

ಅಕ್ಷರ ಕಲಿತವರೆಲ್ಲ ಕವಿಗಳಾಗುವುದಿಲ್ಲ. ಆಟ ಬರೆದವರೆಲ್ಲ ಎಂಜಿನಿಯರುಗಳೂ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಒಂದು ನಿಯಮವನ್ನು ಸ್ವಂತ ಕೈಯಿಂದ ಬರೆದು, ಅದು ಕೆಟ್ಟದ್ದನ್ನು ಕಂಡು, ಹುಡುಕಿ ತಿದ್ದಿದ ಹುಡುಗಿಗೆ ಒಂದು ಸಂಗತಿ ಮನದಟ್ಟಾಗಿರುತ್ತದೆ: ನಿಯಮಗಳು ಆಕಾಶದಿಂದ ಉದುರಿದವುಗಳಲ್ಲ, ಯಾರೋ ಬರೆದವು. ಬರೆದವರು ತಪ್ಪಿರಬಹುದು. ದೊಡ್ಡವಳಾದ ಮೇಲೆ ಕಚೇರಿಯ ಕಿಟಕಿಯೊಂದರ ಮುಂದೆ ನಿಂತಾಗ, “ನಿಯಮ ಹಾಗಿದೆಯಮ್ಮ” ಎಂಬ ಉತ್ತರ ಬಂದರೆ, ಅವಳು ತಲೆತಗ್ಗಿಸಿ ಹಿಂದಿರುಗದೆ, ಯಾವ ಸಾಲಿನಲ್ಲಿ ಹಾಗಿದೆ ಎಂದು ಕೇಳಿಯಾಳು.